ಟೊಮೆಟೊ ಗಿಡ ಕೋಲು ಸಮೇತ ವಾಲಿದಾಗ: ಎಲ್ಲಿ ಸಡಿಲವಾಗಿದೆ ಅಂತ ಹುಡುಕುವುದು ಹೇಗೆ

ರಾತ್ರಿ ಗಾಳಿ ಮಳೆ ಬಂದಿರುತ್ತದೆ. ಬೆಳಗ್ಗೆ ಎದ್ದು ನೋಡಿದರೆ ಟೊಮೆಟೊ ಗಿಡ ಕೋಲು ಸಮೇತ ಪಕ್ಕಕ್ಕೆ ಮಲಗಿದೆ, ಕಾಯಿಗೊಂಚಲು ಮಣ್ಣಿಗೆ ತಾಗಿದೆ. ಇಂಥ ಹೊತ್ತಿನಲ್ಲಿ ಕೈ ತಾನಾಗೇ ದಾರ ಹುಡುಕುತ್ತದೆ. ಎತ್ತಿ ನಿಲ್ಲಿಸಿ ಇನ್ನೊಂದು ಗಂಟು ಹಾಕಿಬಿಡೋಣ ಅನ್ನಿಸುತ್ತದೆ. ದಯವಿಟ್ಟು ಹತ್ತು ನಿಮಿಷ ತಡೆಯಿರಿ. ಗಾಳಿಗೆ ಮುರಿಯದ ಕಾಂಡ ಎಷ್ಟೋ ಸಲ ನಾವು ಅವಸರದಲ್ಲಿ ಎತ್ತುವಾಗ ಮುರಿಯುತ್ತದೆ. ತಪ್ಪು ಎಲ್ಲಿದೆ ಅಂತ ತಿಳಿಯದೆ ಹಾಕಿದ ಗಂಟು ಮುಂದಿನ ಗಾಳಿಗೆ ಅದೇ ಜಾಗದಲ್ಲಿ ಮತ್ತೆ ಕೈಕೊಡುತ್ತದೆ.

ಇಷ್ಟು ವರ್ಷ ಟೊಮೆಟೊ ಬೆಳೆದು ನಾನು ಕಂಡುಕೊಂಡದ್ದು ಇದು: ನಮ್ಮ ಕಣ್ಣು ಗಿಡದ ತುದಿಗೆ ಹೋಗುತ್ತದೆ, ತಪ್ಪು ಮಾತ್ರ ಬುಡದ ಹತ್ತಿರ ಇರುತ್ತದೆ. ಹಾಗಾಗಿ ಪರೀಕ್ಷೆಯನ್ನು ಕೆಳಗಿನಿಂದಲೇ ಶುರು ಮಾಡಬೇಕು.

ಟೊಮೆಟೊ ಎಂಥ ಗಿಡ ಅನ್ನೋದು ತಲೆಯಲ್ಲಿದ್ದರೆ ಉಳಿದದ್ದು ಸುಲಭ. ಬಟಾಣಿಗೆ, ಹಾಗಲಕ್ಕೆ ಕೋಲು ಹಿಡಿದುಕೊಳ್ಳುವ ಎಳೆ ಕುಡಿಗಳಿವೆ. ಬಳ್ಳಿ ಬೀನ್ಸ್‌ನ ಕಾಂಡವೇ ಕೋಲಿಗೆ ಸುತ್ತಿಕೊಂಡು ಮೇಲೇರುತ್ತದೆ. ಟೊಮೆಟೊಗೆ ಇವೆರಡೂ ಇಲ್ಲ. ದಕ್ಷಿಣ ಅಮೆರಿಕದ ಪಶ್ಚಿಮ ಭಾಗದಲ್ಲಿರುವ ಅದರ ಕಾಡು ಬಂಧುಗಳು ನೆಲದ ಮೇಲೇ ಹರಡಿ ಬೆಳೆಯುತ್ತವೆ. ಅಂದರೆ ಇದು ಹತ್ತುವ ಗಿಡವಲ್ಲ, ಹರಡುವ ಗಿಡ. ನಿಲ್ಲಿಸಿ ಬೆಳೆಸುತ್ತಿರುವುದು ನಾವು. ಕೋಲಿಗೆ ಕಟ್ಟಿದರೂ ಗಿಡ ತಾನಾಗಿ ಕೋಲನ್ನು ಹಿಡಿದುಕೊಳ್ಳುವುದಿಲ್ಲ, ಪೂರ್ತಿ ಭಾರ ಹಾಕುತ್ತದೆ ಅಷ್ಟೇ.

ಮೊದಲ ಪ್ರಶ್ನೆ: ವಾಲಿದೆಯಾ, ಸೊರಗಿದೆಯಾ?

ಇವೆರಡನ್ನೂ ಬೇರೆ ಮಾಡದೆ ಕೋಲಿಗೆ ಕೈ ಹಾಕಬೇಡಿ. ವಾಲಿದ ಗಿಡದ ಎಲೆ ಬಿಗಿಯಾಗಿ, ಹಸಿರಾಗಿ ಇರುತ್ತದೆ. ದಿಕ್ಕು ಮಾತ್ರ ತಪ್ಪಿರುತ್ತದೆ. ಸೊರಗಿದ ಗಿಡದ ಎಲೆ ಮುಟ್ಟಿದರೆ ಒದ್ದೆ ಬಟ್ಟೆಯ ಹಾಗೆ ಜೋಲುತ್ತದೆ.

ಬೆಳಗಿನ ಹೊತ್ತು ನೋಡುವುದು ಒಳ್ಳೆಯದು. ಸುಡುಬಿಸಿಲಿನಲ್ಲಿ ಆರೋಗ್ಯವಾಗಿರುವ ಗಿಡವೂ ಸ್ವಲ್ಪ ಬಾಡಿ, ಸಂಜೆಗೆ ಚೇತರಿಸಿಕೊಳ್ಳುತ್ತದೆ. ಬೆಳಗ್ಗೆಯೂ ಜೋತುಬಿದ್ದಿದ್ದರೆ ಮಣ್ಣಿನೊಳಗೆ ಬೆರಳು ಇಳಿಸಿ ನೋಡಿ. ಒಣಗಿದ್ದರೆ ನೀರು ಹಾಕಿ. ಕೆಸರಾಗಿದ್ದರೆ ಬೇರಿಗೆ ಗಾಳಿ ಸಿಗುತ್ತಿಲ್ಲ, ನೀರು ನಿಲ್ಲಿಸಿ. ತೇವ ಹದವಾಗಿದ್ದೂ ಎಲೆ ಹಸಿರಾಗಿರುವಾಗಲೇ ಇಡೀ ಗಿಡ ಬಾಡುತ್ತಿದ್ದರೆ ದುಂಡಾಣು ಸೊರಗು ರೋಗದ ಅನುಮಾನ ಬರಬೇಕು. ಬುಡದ ಹತ್ತಿರದ ಕಾಂಡದ ಒಂದು ತುಂಡು ಕತ್ತರಿಸಿ, ಗಾಜಿನ ಲೋಟದ ತಿಳಿ ನೀರಿನಲ್ಲಿ ಅಲುಗಾಡಿಸದೆ ನಿಲ್ಲಿಸಿ. ಕೆಲವು ನಿಮಿಷದಲ್ಲಿ ಕತ್ತರಿಸಿದ ತುದಿಯಿಂದ ಹಾಲಿನ ಎಳೆಯಂಥದ್ದು ಇಳಿಯತೊಡಗಿದರೆ ಅದೇ ರೋಗ. ಕೆಳಗಿನ ಎಲೆಗಳು ಒಂದೇ ಪಕ್ಕದಲ್ಲಿ ಹಳದಿಯಾಗುತ್ತಾ ಬಂದು, ಕಾಂಡ ಸೀಳಿದಾಗ ಒಳಗೆ ಕಂದು ಗೆರೆ ಕಂಡರೆ ಅದು ಶಿಲೀಂಧ್ರದಿಂದ ಬರುವ ಸೊರಗು. ಇವೆರಡಕ್ಕೂ ಕೋಲಿನಿಂದ ಏನೂ ಆಗುವುದಿಲ್ಲ. ಗಿಡವನ್ನು ಬೇರು ಸಮೇತ ತೆಗೆಯಿರಿ, ಗೊಬ್ಬರದ ಗುಂಡಿಗೆ ಹಾಕಬೇಡಿ. ಆ ಜಾಗದಲ್ಲಿ ಕೆಲವು ವರ್ಷ ಟೊಮೆಟೊ, ಬದನೆ, ಮೆಣಸಿನಕಾಯಿ, ಆಲೂಗಡ್ಡೆ ಬೇಡ.

ಗಿಡ ಸೊರಗಿಲ್ಲ, ವಾಲಿದೆ ಅಷ್ಟೇ ಅಂತ ಖಾತ್ರಿಯಾಯಿತಾ? ಈಗ ಕೋಲಿನ ಕಡೆ ಬನ್ನಿ.

ಅಲುಗಾಡಿಸಿ ನೋಡುವುದು

ಕೋಲನ್ನು ಸೊಂಟದ ಎತ್ತರದಲ್ಲಿ ಹಿಡಿದು ಮೆಲ್ಲಗೆ ಹಿಂದೆ ಮುಂದೆ ತಳ್ಳಿ. ತಳ್ಳುವಾಗ ಕಣ್ಣು ನೆಲದ ಮೇಲಿರಲಿ. ಕೋಲಿನ ಬುಡದಲ್ಲಿ ಮಣ್ಣು ಬಾಯಿ ಬಿಟ್ಟರೆ ತಪ್ಪು ನೆಲದ್ದು. ಬುಡ ಅಲುಗದೆ ಕೋಲು ಮಾತ್ರ ಬಳುಕಿದರೆ ಕೋಲು ಸಣ್ಣದಾಯಿತು, ಇಲ್ಲವೇ ಒಳಗೆ ಹಾಳಾಗಿದೆ. ಕೋಲು ಗಟ್ಟಿಯಾಗಿ ನಿಂತು ಗಿಡ ಮಾತ್ರ ತೂಗಾಡಿದರೆ ಕಟ್ಟಿದ್ದರಲ್ಲಿ ತಪ್ಪಿದೆ. ಮೂರೂ ಸರಿಯಿದ್ದು ತುದಿ ಮಾತ್ರ ಜೋತಿದ್ದರೆ, ಗಿಡದ ಎತ್ತರಕ್ಕೂ ಕೋಲಿಗೂ ಹೊಂದಾಣಿಕೆ ಆಗಿಲ್ಲ.

ನೆಲ ಹಿಡಿದಿಲ್ಲ

ಅತಿ ಹೆಚ್ಚು ಸಲ ಸಿಗುವ ತಪ್ಪು ಇದೇ. ಒಂದು ಮಳೆಗಾಲದಲ್ಲಿ ನನ್ನ ಸಾಲಿನ ಮೂರು ಗಿಡ ಒಂದೇ ದಿಕ್ಕಿಗೆ ವಾಲಿದ್ದವು. ಗಂಟುಗಳೆಲ್ಲ ಚೆನ್ನಾಗಿದ್ದವು, ಬಿದಿರೂ ಗಟ್ಟಿ. ಕುಕ್ಕರಗಾಲಿನಲ್ಲಿ ಕೂತು ನೋಡಿದಾಗ ಕೋಲಿನ ಬುಡದಲ್ಲಿ ಗಾಳಿ ಬಂದ ಕಡೆಗೆ ಎರಡು ಬೆರಳು ಅಗಲದ ಸಂದು. ಅದರಲ್ಲಿ ಮಳೆನೀರು ನಿಂತಿತ್ತು. ಕೋಲು ಅಲುಗಿದಾಗೆಲ್ಲ ನೀರು ಪುಳಕ್ ಅಂತ ಮೇಲೆ ಬಂದು, ಸಂದಿನ ಅಂಚಿನ ಮಣ್ಣನ್ನು ಕರಗಿಸಿಕೊಂಡು ಇಳಿಯುತ್ತಿತ್ತು. ರಾತ್ರಿಯಿಡೀ ಹೀಗೆ ನಡೆದರೆ ಎಂಥ ಕೋಲೂ ನಿಲ್ಲುವುದಿಲ್ಲ.

ಕೋಲು ಎಷ್ಟು ಆಳಕ್ಕೆ ಹೋಗಿದೆ ಅಂತ ಕಿತ್ತು ನೋಡಬೇಕಾಗಿಲ್ಲ. ನೆಡುವ ಮೊದಲೇ ಉದ್ದ ಅಳೆದಿಟ್ಟುಕೊಂಡಿದ್ದರೆ, ನೆಲದ ಮೇಲಿರುವುದನ್ನು ಅಳೆದು ಕಳೆದರೆ ಸಾಕು. ಆಳ 1 ಅಡಿಗಿಂತ ಕಡಿಮೆ ಇದ್ದರೆ ಕಾರಣ ಸಿಕ್ಕಿತು. ಎತ್ತರ ಬೆಳೆಯುವ ಗಿಡಕ್ಕೆ 7 ಅಡಿ ಕೋಲು, ಅದರಲ್ಲಿ ಒಂದೂವರೆ ಅಡಿ ನೆಲದೊಳಗೆ ಅಂತ ನಾನು ಇಟ್ಟುಕೊಂಡಿದ್ದೇನೆ. ಕೋಲು ಹಾರೆಯ ಹಾಗೆ ಮೀಟುತ್ತದೆ. ಮೇಲಿನ ಐದೂವರೆ ಅಡಿಗೆ ಎಲೆ ತುಂಬಿದ ಗಿಡ ಗಾಳಿ ಹಿಡಿದು ಎಳೆಯುತ್ತಿರುತ್ತದೆ, ತಡೆಯುವುದು ಕೆಳಗಿನ ಅಡಿ ಒಂದೂವರೆ ಅಡಿ ಮಾತ್ರ. ಮಳೆಯಲ್ಲಿ ಒದ್ದೆ ಎಲೆಯ ತೂಕ ಜಾಸ್ತಿ, ಮಣ್ಣಿನ ಹಿಡಿತ ಕಡಿಮೆ. ಎರಡೂ ಒಟ್ಟಿಗೆ ಬರುವುದರಿಂದಲೇ ಮಳೆರಾತ್ರಿಗಳಲ್ಲಿ ಇಷ್ಟು ಗಿಡ ಬೀಳುತ್ತವೆ.

ಸರಿಪಡಿಸುವಾಗ ಹಳೆ ಕೋಲನ್ನು ಕೀಳಬೇಡಿ. ಅಷ್ಟು ಹೊತ್ತಿಗೆ ಬೇರು ಅದರ ಸುತ್ತ ಹರಡಿರುತ್ತದೆ. ಬುಡದಿಂದ ಒಂದು ಗೇಣು ದೂರದಲ್ಲಿ ಚೂಪಾದ ಇನ್ನೊಂದು ಕೋಲನ್ನು ತಿರುಗಿಸುತ್ತಾ ನಿಧಾನವಾಗಿ ಇಳಿಸಿ. ಏನೋ ಗಟ್ಟಿಯಾಗಿ ತಡೆದರೆ ಬಲ ಹಾಕದೆ ನಾಲ್ಕು ಬೆರಳು ಪಕ್ಕಕ್ಕೆ ಸರಿಯಿರಿ. ಹೊಸ ಕೋಲು ಒಂದೂವರೆ ಅಡಿ ಇಳಿದ ಮೇಲೆ ಎರಡನ್ನೂ ಸೇರಿಸಿ ಬಿಗಿಯಿರಿ. ಹಳೆ ಸಂದಿಗೆ ಹದವಾದ ಮಣ್ಣು ತುಂಬಿ ಕಡ್ಡಿಯಿಂದ ಕುಟ್ಟಿ. ಕೆಸರು ತುಂಬಿದರೆ ಒಣಗಿದಾಗ ಕುಗ್ಗಿ ಮತ್ತೆ ಸಂದು ಬಿಡುತ್ತದೆ. ಮಳೆ ಬಂದ ಮರುದಿನ ಕೋಲು ಬೆಣ್ಣೆಯಲ್ಲಿ ಇಳಿದ ಹಾಗೆ ಇಳಿಯುತ್ತದೆ ನಿಜ, ಆದರೆ ಅಷ್ಟೇ ಸುಲಭವಾಗಿ ಅಲುಗುತ್ತದೆ. ನೆಲ ಆರಿದ ಮೇಲೆ ಇನ್ನೊಮ್ಮೆ ಕುಟ್ಟಿ ಗಟ್ಟಿಮಾಡಿ.

ಮುಂದಿನ ಸಲ ಸಸಿ ನೆಡುವ ದಿನವೇ ಕೋಲೂ ನೆಡಿ, ಸಸಿಯಿಂದ ಮೂರು ನಾಲ್ಕು ಇಂಚು ದೂರದಲ್ಲಿ. ಆಗ ಕಡಿಯುವುದಕ್ಕೆ ಬೇರೇ ಇರುವುದಿಲ್ಲ.

ಕೋಲು ಮುರಿದರೆ

ಮರದ ಗೂಟ, ಬಿದಿರು ಮುರಿಯುವುದು ಸಾಮಾನ್ಯವಾಗಿ ನೆಲಮಟ್ಟದಲ್ಲೇ. ಅಲ್ಲಿ ತೇವವೂ ಇದೆ, ಗಾಳಿಯೂ ಇದೆ. ಕೊಳೆಯುವುದಕ್ಕೆ ಎರಡೂ ಬೇಕು. ಮಣ್ಣು ಸ್ವಲ್ಪ ಸರಿಸಿ ಒಂದು ಮೊಳೆಯಿಂದ ಚುಚ್ಚಿ ನೋಡಿ. ಮೊಳೆ ಸಲೀಸಾಗಿ ಒಳಗೆ ಹೋದರೆ ಆ ಕೋಲನ್ನು ನಂಬಬೇಡಿ, ಮೇಲೆ ಎಷ್ಟೇ ಚೆನ್ನಾಗಿ ಕಂಡರೂ ಸರಿಯೇ. ಹಾಳಾದ ತುದಿ ಕತ್ತರಿಸಿದ ಮೇಲೂ ಸಾಕಷ್ಟು ಉದ್ದ ಉಳಿದರೆ ಗಿಡ್ಡ ಗಿಡಕ್ಕೆ ಬಳಸಬಹುದು.

ಗಂಟು

ಈ ತಪ್ಪು ಎರಡು ಥರ: ಜಾರುವುದು, ಕೊರೆಯುವುದು. ಜಾರಿದ್ದು ಕಣ್ಣಿಗೆ ಕಾಣುತ್ತದೆ. ದಾರ ಕೆಳಗಿಳಿದು ಯಾವುದೋ ಎಲೆಬುಡಕ್ಕೆ ಸಿಕ್ಕಿಕೊಂಡಿರುತ್ತದೆ, ಕಾಂಡ ಮಧ್ಯದಲ್ಲಿ ಬಿಲ್ಲಿನ ಹಾಗೆ ಬಾಗಿರುತ್ತದೆ. ನಯವಾದ ಪೈಪು, ಕಬ್ಬಿಣದ ಸರಳಿನಲ್ಲಿ ಇದು ಜಾಸ್ತಿ. ದಾರವನ್ನು ಮೊದಲು ಕೋಲಿಗೇ ಎರಡು ಸುತ್ತು ಹಾಕಿ ಬಿಗಿಯಾಗಿ ಗಂಟು ಹಾಕಿ. ಆಮೇಲೆ ಎರಡೂ ತುದಿಗಳನ್ನು ಒಂದರ ಮೇಲೊಂದು ದಾಟಿಸಿ, ಕಾಂಡದ ಸುತ್ತ ಸಡಿಲವಾಗಿ ತಂದು ಕಟ್ಟಿ. ಮೇಲಿನಿಂದ ನೋಡಿದರೆ 8ರ ಆಕಾರ ಕಾಣಬೇಕು. ನಡುವೆ ದಾಟಿದ ದಾರವೇ ಕಾಂಡ ಕೋಲಿಗೆ ಉಜ್ಜದಂತೆ ಕಾಯುತ್ತದೆ. ಕೋಲು ತುಂಬಾ ನುಣುಪಾಗಿದ್ದರೆ ಗಂಟಿನ ಜಾಗಕ್ಕೆ ಮೊದಲು ಎರಡು ಸುತ್ತು ಟೇಪು ಸುತ್ತಿ.

ಕೊರೆಯುವ ಗಂಟಿನ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ಯಾಕಂದರೆ ಅದು ಬೇಗ ಕಾಣುವುದಿಲ್ಲ. ಕಟ್ಟುವಾಗ ಪೆನ್ಸಿಲ್ ದಪ್ಪ ಇದ್ದ ಕಾಂಡ ಕಾಯಿ ಬಿಡುವ ಹೊತ್ತಿಗೆ ಹೆಬ್ಬೆರಳಿನಷ್ಟಾಗುತ್ತದೆ. ದಾರ ಮಾತ್ರ ಹಾಗೇ ಇರುತ್ತದೆ. ಒಮ್ಮೆ ನೈಲಾನ್ ದಾರದಲ್ಲಿ ಕಟ್ಟಿದ್ದ ಗಿಡದ ಎಲೆ ಸರಿಸಿ ನೋಡಿದೆ. ದಾರ ಕಾಣಲೇ ಇಲ್ಲ. ಕಾಂಡದ ಸುತ್ತ ಕಂದು ಬಣ್ಣದ ಒಂದು ಗೆರೆ, ಅದರ ಮೇಲ್ಭಾಗ ಬಳೆ ತೊಟ್ಟ ಹಾಗೆ ಉಬ್ಬಿಕೊಂಡಿತ್ತು. ಉಬ್ಬಿನ ಮೇಲೆ ರವೆ ಕಾಳಿನಂಥ ಬಿಳಿ ಬೊಕ್ಕೆಗಳು. ಅವು ಬೇರಿನ ಮೊಳಕೆ. ಟೊಮೆಟೊ ಕಾಂಡಕ್ಕೆ ಎಲ್ಲಿ ಬೇಕಾದರೂ ಬೇರು ಬಿಡುವ ಗುಣವಿದೆ, ಅದಕ್ಕೇ ಸಸಿಯನ್ನು ಆಳವಾಗಿ ನೆಡುತ್ತೇವೆ. ಅಂಥ ಬೊಕ್ಕೆಗಳಷ್ಟೇ ಕಂಡರೆ ಗಾಬರಿ ಬೇಡ. ಉಬ್ಬು, ಕೆಳಗೆ ಗೆರೆ, ಎರಡೂ ಸೇರಿದ್ದರೆ ಮಾತ್ರ ದಾರ ಕೊರೆದಿದೆ ಅಂತ ತಿಳಿಯಿರಿ.

ಎಲೆ ತಯಾರಿಸಿದ ಆಹಾರ ತೊಗಟೆಯ ಕಡೆಯ ನಾಳಗಳಲ್ಲಿ ಕೆಳಗಿಳಿಯುತ್ತದೆ. ದಾರ ಬಿಗಿದು ಅದು ನಿಂತಾಗ ಮೇಲೆ ಊದಿಕೊಳ್ಳುತ್ತದೆ. ನೀರು ಇನ್ನೂ ಒಳಗಿನ ನಾಳಗಳಲ್ಲಿ ಮೇಲೇರುತ್ತಲೇ ಇರುತ್ತದೆ, ಹಾಗಾಗಿ ಎಲೆ ಬಾಡುವುದಿಲ್ಲ. ನಾವೂ ಗಮನಿಸುವುದಿಲ್ಲ. ಕೊನೆಗೆ ಕಾಯಿಯ ಭಾರಕ್ಕೋ ಗಾಳಿಗೋ ಕಾಂಡ ಅದೇ ಗೆರೆಯಲ್ಲಿ ಮುರಿಯುತ್ತದೆ.

ಕೊರೆದ ದಾರವನ್ನು ಎಳೆದು ಕೀಳಬೇಡಿ. ಕಾಣುವ ಜಾಗದಲ್ಲಿ ಸಣ್ಣ ಕತ್ತರಿಯಿಂದ ತುಂಡರಿಸಿ, ಸಲೀಸಾಗಿ ಬಂದಷ್ಟು ತೆಗೆಯಿರಿ. ಕಾಂಡದೊಳಗೆ ಹೂತಿರುವ ಚೂರು ಅಲ್ಲೇ ಇರಲಿ. ಆ ಜಾಗ ಇನ್ನು ಮುಂದೆ ದುರ್ಬಲ, ಆದ್ದರಿಂದ ಅದರ ಕೆಳಗೊಂದು, ಮೇಲೊಂದು ಸಡಿಲ ಕಟ್ಟು ಹಾಕಿ. ಹಳೆ ಬನಿಯನ್ ಪಟ್ಟಿಯಷ್ಟು ಒಳ್ಳೆಯ ದಾರ ನನಗೆ ಇನ್ನೂ ಸಿಕ್ಕಿಲ್ಲ. ಒಂದು ಇಂಚು ಅಗಲ ಕತ್ತರಿಸಿದರೆ ಸಾಕು, ಎಳೆದರೆ ಹಿಗ್ಗುತ್ತದೆ, ಕೊರೆಯುವುದಿಲ್ಲ. ಸೆಣಬಿನ ದಾರವೂ ಆದೀತು, ಆದರೆ ಮಳೆ ಬಿಸಿಲಿಗೆ ಕೊಳೆತು ಬೆಳೆಯ ಕೊನೆಯಲ್ಲಿ ಕಡಿದುಹೋಗಬಹುದು, ಎಳೆದು ನೋಡುತ್ತಿರಬೇಕು. ಕಟ್ಟಿದ ಮೇಲೆ ದಾರಕ್ಕೂ ಕಾಂಡಕ್ಕೂ ನಡುವೆ ಬೆರಳು ಸಲೀಸಾಗಿ ತೂರಬೇಕು. ಗಿಡ ಬೆಳೆದಂತೆ 8ರಿಂದ 10 ಇಂಚಿಗೊಂದು ಕಟ್ಟು ಹಾಕುತ್ತಾ ಹೋಗಿ. ಎಲೆಬುಡದ ಕೆಳಗೆ ಕಟ್ಟಿ, ಹೂಗೊಂಚಲಿನ ಕೆಳಗೆ ಬೇಡ. ಗೊಂಚಲು ಭಾರವಾದಾಗ ಅದರ ತೊಟ್ಟು ದಾರದ ಮೇಲೇ ಕೂತು ಮಡಚಿಕೊಳ್ಳುತ್ತದೆ.

ಕೋಲು ಸಾಲುತ್ತಿಲ್ಲ

ಎಲ್ಲಾ ಗಟ್ಟಿಯಿದ್ದು ತುದಿ ಕೋಲಿನಾಚೆ ಬಗ್ಗಿದ್ದರೆ, ನಿಮ್ಮ ತಳಿ ಯಾವುದು ಅಂತ ನೋಡಿ. ಪೊದೆ ಟೊಮೆಟೊ ಮೂರು ನಾಲ್ಕು ಅಡಿ ಬೆಳೆದು, ತುದಿಯಲ್ಲೇ ಹೂಗೊಂಚಲು ಬಿಟ್ಟು ನಿಲ್ಲುತ್ತದೆ. ಈ ಗುಣ ಬಂದದ್ದು 1914ರಲ್ಲಿ ಅಮೆರಿಕದ ಫ್ಲಾರಿಡಾದಲ್ಲಿ ತಾನಾಗಿ ಕಾಣಿಸಿಕೊಂಡ ಒಂದು ಮಾರ್ಪಾಟಿನಿಂದ. ಇನ್ನೊಂದು ಬಗೆ ನಿಲ್ಲುವುದೇ ಇಲ್ಲ. ಚಳಿಯೋ ರೋಗವೋ ತಡೆಯುವವರೆಗೆ ಬೆಳೆಯುತ್ತಲೇ ಇರುತ್ತದೆ, ಆರು ಎಂಟು ಅಡಿ ದಾಟುವುದು ಅದಕ್ಕೆ ಸಹಜ. ಈ ಎರಡನೆಯದಕ್ಕೆ ನಾಲ್ಕಡಿ ಕೋಲು ಕೊಟ್ಟರೆ ಅರ್ಧ ಬೆಳೆಯಲ್ಲಿ ತೊಂದರೆ ಗ್ಯಾರಂಟಿ.

ಆಗ ಇನ್ನೊಂದು ಕೋಲನ್ನು ಜೋಡಿಸಬಹುದು. ಕನಿಷ್ಠ ಒಂದಡಿ ಒಂದರ ಮೇಲೊಂದು ಬರಬೇಕು, ಎರಡು ಕಡೆ ಬಿಗಿಯಬೇಕು. ಬೆಳೆ ಮುಗಿಯುವ ಸಮಯ ಹತ್ತಿರ ಬಂದಿದ್ದರೆ ತುದಿ ಚಿವುಟುವುದೇ ಮೇಲು. ಹೂವು ಹಣ್ಣಾಗಲು ಹೆಚ್ಚುಕಡಿಮೆ ಒಂದೂವರೆ ಎರಡು ತಿಂಗಳು ಬೇಕು, ಅಷ್ಟು ಸಮಯ ಇಲ್ಲದಿದ್ದರೆ ಆ ತುದಿಯ ಹೂವಿನಿಂದ ಪ್ರಯೋಜನವಿಲ್ಲ.

ಒಂದೇ ಕೋಲಿಗೆ ನಾಲ್ಕೈದು ಕವಲು ಕಟ್ಟಿದ್ದರೂ ಇದೇ ಸಮಸ್ಯೆ. ಎಲೆತೊಟ್ಟಿಗೂ ಕಾಂಡಕ್ಕೂ ನಡುವಿನ ಕಂಕುಳಲ್ಲಿ ಬರುವ ಚಿಗುರನ್ನು ಎಳಸಾಗಿರುವಾಗಲೇ ಬೆರಳಿನಿಂದ ಚಿವುಟಿ. ಎರಡನೇ ಕವಲು ಬೇಕಿದ್ದರೆ ಮೊದಲ ಹೂಗೊಂಚಲಿನ ಕೆಳಗಿನ ಚಿಗುರನ್ನು ಉಳಿಸಿಕೊಳ್ಳಿ, ಅದು ಬಲವಾಗಿ ಬರುತ್ತದೆ. ಪೊದೆ ತಳಿಗೆ ಹೀಗೆ ಮಾಡಬೇಡಿ, ಫಸಲೇ ಕಡಿಮೆಯಾಗುತ್ತದೆ. ಬೆಳೆದು ನಿಂತ ಗಿಡವನ್ನು ಒಂದೇ ದಿನ ಬೋಳಿಸುವುದೂ ಬೇಡ. ನೆರಳು ತಪ್ಪಿದ ಕಾಯಿಗೆ ಬಿಸಿಲು ಹೊಡೆದು, ಆ ಪಕ್ಕ ಬೆಳ್ಳಗೆ ಕಾಗದದ ಹಾಗೆ ಆಗುತ್ತದೆ.

ಕಾಂಡವೇ ಸಪೂರವಾಗಿದ್ದರೆ ಬಿಸಿಲು ಸಾಲದೆ ಇರಬಹುದು, ಗಿಡಗಳು ತೀರಾ ಹತ್ತಿರ ಇರಬಹುದು, ಸಾರಜನಕದ ಗೊಬ್ಬರ ಜಾಸ್ತಿ ಬಿದ್ದಿರಬಹುದು. ಎಲೆ ಕಡುಹಸಿರಾಗಿ ಸೊಕ್ಕಿ ಬೆಳೆದು ಹೂವು ಕಡಿಮೆ ಇದ್ದರೆ ಗೊಬ್ಬರವೇ ಕಾರಣ.

ಬುಟ್ಟಿ, ಸಾಲು, ಕುಂಡ

ಕೋಲಿನ ಬದಲು ಗಿಡದ ಸುತ್ತ ನಿಲ್ಲಿಸುವ ತಂತಿ ಬುಟ್ಟಿ ಮಗುಚುವುದಕ್ಕೆ ಅದರ ಆಕಾರವೇ ಕಾರಣ. ಕೆಳಗೆ ಕಿರಿದು, ಮೇಲೆ ಅಗಲ, ಕಾಲುಗಳು ಗಿಡ್ಡ. ಎದುರುಬದುರಾಗಿ ಎರಡು ಗೂಟ ಹೊಡೆದು ಬುಟ್ಟಿಯನ್ನು ಅವಕ್ಕೆ ಕಟ್ಟಿದರೆ ನಿಲ್ಲುತ್ತದೆ. ನೀವೇ ಜಾಲರಿಯಿಂದ ಮಾಡುವುದಾದರೆ 5 ಅಡಿ ಉದ್ದದ ತುಂಡು ಸುತ್ತಿದಾಗ ಸುಮಾರು 19 ಇಂಚು ಅಗಲದ ಬುಟ್ಟಿ ಆಗುತ್ತದೆ. ಕಿಂಡಿ 6 ಇಂಚಾದರೂ ಇರಲಿ. ಕಿರಿದಾದರೆ ಹಣ್ಣು ಹಿಡಿದ ಕೈ ಹೊರಗೆ ಬರುವುದಿಲ್ಲ.

ಗೂಟಗಳ ನಡುವೆ ಎರಡೂ ಪಕ್ಕ ಹುರಿ ಎಳೆದು ಸಾಲು ಕಟ್ಟಿದ್ದರೆ, ಮೊದಲು ಕೊನೆಯ ಗೂಟಗಳನ್ನು ನೋಡಿ. ಇಡೀ ಸಾಲಿನ ಎಳೆತ ಅವುಗಳ ಮೇಲಿರುತ್ತದೆ. ಅವು ಒಳಕ್ಕೆ ಬಾಗಿದರೆ ನಡುವಿನ ಹುರಿಗಳೆಲ್ಲ ಸಡಿಲ. ಹೊರಗಡೆ ಒಂದು ಗೂಟ ಹೊಡೆದು ಅಲ್ಲಿಂದ ಬಿಗಿದು ಕಟ್ಟಿ. ಕೊನೆ ಗಟ್ಟಿಯಿದ್ದೂ ನಡುವೆ ಜೋತರೆ ಎರಡು ಗಿಡಕ್ಕೊಂದು ಗೂಟ ಬರುವಂತೆ ಸೇರಿಸಿ.

ಕುಂಡದಲ್ಲಿ ಒಂಟಿ ಕೋಲು ನಿಲ್ಲುವುದು ಕಷ್ಟ. ತೆಂಗಿನ ನಾರಿನ ಪುಡಿ ಬೆರೆಸಿದ ಹಗುರ ಮಣ್ಣಿಗೆ ಹಿಡಿತವೇ ಇರುವುದಿಲ್ಲ, ಎಷ್ಟು ಕುಟ್ಟಿದರೂ ಅಷ್ಟೇ. ಕುಂಡದ ಒಳಗೋಡೆಗೆ ತಾಗುವಂತೆ ಮೂರು ಕೋಲು ತಳದವರೆಗೆ ಇಳಿಸಿ ಮೇಲೆ ಒಂದುಗೂಡಿಸಿ ಕಟ್ಟಿ. ಹತ್ತಿರ ಗೋಡೆಯ ಕೊಂಡಿಯೋ ಕಂಬಿಯೋ ಇದ್ದರೆ ಅದಕ್ಕೊಂದು ದಾರ ಎಳೆಯಿರಿ.

ಎತ್ತಿ ನಿಲ್ಲಿಸುವುದು

ತಪ್ಪು ಸಿಕ್ಕಿ, ಕೋಲು ಗಟ್ಟಿಯಾದ ಮೇಲೆ ಗಿಡ ಎತ್ತಿ. ಬೆಳಗ್ಗೆ ಕಾಂಡದಲ್ಲಿ ನೀರು ತುಂಬಿ ಟಣ್ಣನೆ ಮುರಿಯುವಂತಿರುತ್ತದೆ. ಮಧ್ಯಾಹ್ನ ಕಳೆದ ಮೇಲೆ ಸ್ವಲ್ಪ ಬಳುಕುತ್ತದೆ, ಆಗ ಎತ್ತಿ. ಅಲ್ಲಿಯವರೆಗೆ ಮಣ್ಣಿಗೆ ತಾಗಿದ ಕಾಯಿಗಳ ಕೆಳಗೆ ಒಣಹುಲ್ಲು ತುರುಕಿಡಿ, ಕೊಳೆಯುವುದು ತಪ್ಪುತ್ತದೆ. ಒಂದು ಕೈ ಬುಡದ ಹತ್ತಿರ, ಇನ್ನೊಂದು ಮೇಲೆ ಇಟ್ಟು ಎತ್ತಿ, ತುದಿ ಹಿಡಿದು ಎಳೆಯಬೇಡಿ. ಬಿದ್ದು ನಾಲ್ಕೈದು ದಿನ ಆಗಿದ್ದರೆ ತುದಿ ಆಗಲೇ ಮೇಲಕ್ಕೆ ಬಾಗಿ ಬೆಳೆದಿರುತ್ತದೆ. ಅಂಥ ಗಿಡವನ್ನು ಒಂದೇ ಸಲ ನೆಟ್ಟಗೆ ಮಾಡಲು ಹೋಗದೆ, ಮೂರು ನಾಲ್ಕು ದಿನ ದಿನಕ್ಕಿಷ್ಟು ಅಂತ ಕೋಲಿನ ಹತ್ತಿರ ತನ್ನಿ.

ಕಾಂಡ ಮಡಚಿದ್ದು ಸಿಪ್ಪೆ ಇನ್ನೂ ಹಿಡಿದುಕೊಂಡಿದ್ದರೆ ಗಿಡ ಉಳಿಯುತ್ತದೆ. ಮುರಿದ ಅಂಚುಗಳನ್ನು ಸೇರಿಸಿ, ಪಕ್ಕದಲ್ಲಿ ಎರಡು ಸಣ್ಣ ಕಡ್ಡಿ ಇಟ್ಟು, ಮೂಳೆಗೆ ಕಟ್ಟು ಹಾಕಿದ ಹಾಗೆ ಟೇಪು ಸುತ್ತಿ. ಎರಡು ವಾರ ಬಿಚ್ಚಬೇಡಿ. ಪೂರ್ತಿ ಮುರಿದಿದ್ದರೆ ಕೆಳಗಿನ ಕಂಕುಳ ಚಿಗುರೊಂದನ್ನು ಬೆಳೆಯಲು ಬಿಡಿ, ಅದೇ ಹೊಸ ಕಾಂಡವಾಗುತ್ತದೆ. ಮುರಿದ ತುದಿಯ ಹೂವು ಚಿವುಟಿ ನೀರಿನಲ್ಲಿಡಿ. ಒಂದೆರಡು ವಾರದಲ್ಲಿ ಬೇರು ಬಿಟ್ಟರೆ ನೆಡುವುದಕ್ಕೆ ಇನ್ನೊಂದು ಸಸಿ.

ಸರಿಯಾಗಿದೆಯಾ ಅಂತ ತಿಳಿಯಲು ಎರಡು ದಿನ ಬಿಟ್ಟು ತುದಿ ನೋಡಿ. ಎಲೆಗಳು ಬೆಳಕಿನ ಕಡೆ ತಿರುಗಿ, ತುದಿ ಮೇಲೆದ್ದಿದ್ದರೆ ಬೇರಿಗೆ ಪೆಟ್ಟಾಗಿಲ್ಲ. ಮುಂದಿನ ಗಾಳಿ ಬಂದು ಹೋದ ಬೆಳಗ್ಗೆ ಮತ್ತೊಮ್ಮೆ ಕೋಲಿನ ಬುಡದಲ್ಲಿ ಕೂತು ಸಂದು ಬಿಟ್ಟಿದೆಯಾ ನೋಡಿ. ಬೆಳೆ ಮುಗಿದ ಮೇಲೆ ಕೋಲುಗಳನ್ನು ಹಾಗೇ ಒರಗಿಸಿಡಬೇಡಿ. ಎಲೆಚುಕ್ಕೆ, ಕಾಂಡರೋಗದ ಬೀಜಗಳು ಅವಕ್ಕೆ ಅಂಟಿಕೊಂಡು ಮುಂದಿನ ಗಿಡಕ್ಕೆ ಬರುತ್ತವೆ. ಮಣ್ಣು ಉಜ್ಜಿ ತೊಳೆದು, 1 ಪಾಲು ಬ್ಲೀಚಿಂಗ್ ದ್ರಾವಣಕ್ಕೆ 9 ಪಾಲು ನೀರು ಬೆರೆಸಿ ಅದರಲ್ಲಿ ಅರ್ಧ ಗಂಟೆ ಅದ್ದಿಡಿ. ಕೈಗೆ ಗ್ಲೌಸ್ ಹಾಕಿಕೊಳ್ಳಿ. ಆಮೇಲೆ ತಿಳಿ ನೀರಿನಲ್ಲಿ ತೊಳೆದು ಬಿಸಿಲಿಗೆ ಒಣಗಿಸಿ, ನೆಲಕ್ಕೆ ತಾಗದಂತೆ ಎತ್ತಿಡಿ.